ಆಟಗಾರ ಕತ್ತಿ ಕೆಳಗಿಟ್ಟಾಗ

ಅಮೆರಿಕದಲ್ಲಿ 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಇಂದು ಲೋಕದ ಅನೇಕ ಕಡೆ ಆಡುವ ಆಟ. ಇದರಲ್ಲಿ ಚದುರಂಗದಂತೆ ಒಬ್ಬರು ಗೆದ್ದು ಇನ್ನೊಬ್ಬರು ಸೋಲುವುದಿಲ್ಲ. ನಾಲ್ಕೈದು ಮಂದಿ ಮೇಜಿನ ಸುತ್ತ ಕುಳಿತು, ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸಿಕೊಂಡು, ಮಾತಿನಲ್ಲೇ ಒಂದು ಕಾಲ್ಪನಿಕ ಲೋಕದೊಳಗೆ ಸಂಚರಿಸುತ್ತಾರೆ. ಒಬ್ಬರು ಮಾತ್ರ ಆ ಲೋಕವನ್ನು ನಡೆಸುವವರು. ಅವರಿಗೆ ಡಂಜನ್ ಮಾಸ್ಟರ್ ಎಂದು ಹೆಸರು. ‘ಎದುರಿಗೆ ಒಂದು ಗುಹೆ ಇದೆ, ಏನು ಮಾಡುತ್ತೀರಿ?’ ಎಂದು ಅವರು ಕೇಳುತ್ತಾರೆ. ಆಟಗಾರರು ಉತ್ತರಿಸುತ್ತಾರೆ. ಪರಿಣಾಮ ಏನೆಂದು ಹೇಳಲಾಗದ ಕಡೆ ದಾಳ ಹಾಕುತ್ತಾರೆ. ದಾಳ ಎಂದೊಡನೆ ನಮ್ಮವರಿಗೆ ಜೂಜು ನೆನಪಾಗುವುದು ಸಹಜ. ಇಲ್ಲಿ ಹಣದ ಪಣವಿಲ್ಲ. ದಾಳದ ಬಗ್ಗೆಯೇ ಇರುವ ಧಾರ್ಮಿಕ ಆಕ್ಷೇಪ ಬೇರೆಯೇ ಚರ್ಚೆ. ಅದು ಈ ಬರಹದ ವಿಷಯವಲ್ಲ.

ಇಲ್ಲಿ ವಿಚಾರ ಮಾಡಬೇಕಾದದ್ದು ಇನ್ನೊಂದು ಪ್ರಶ್ನೆ. ಮಾಸ್ಟರ್ ಒಂದು ಕತೆಯನ್ನು ಸಿದ್ಧಪಡಿಸಿಕೊಂಡು ಬಂದಿರುತ್ತಾರೆ. ಆಟಗಾರರು ಆ ಕತೆಯಲ್ಲಿ ಇಲ್ಲದ ಕೆಲಸಕ್ಕೆ ಕೈ ಹಾಕುತ್ತಾರೆ. ಆಗ ಮಾಸ್ಟರ್ ಏನು ಮಾಡಬೇಕು? ಮೇಲ್ನೋಟಕ್ಕೆ ಇದು ಆಟದ ತಂತ್ರಕ್ಕೆ ಸೇರಿದ ಸಣ್ಣ ಪ್ರಶ್ನೆ. ಒಳಹೊಕ್ಕು ನೋಡಿದರೆ ಅಧಿಕಾರ ಕೈಯಲ್ಲಿರುವವನು ಇನ್ನೊಬ್ಬನ ಇಚ್ಛೆಗೆ ಹೇಗೆ ಕಿವಿಗೊಡುತ್ತಾನೆ ಎಂಬ ಪ್ರಶ್ನೆ.

ಕರಾವಳಿಯ ಓದುಗರಿಗೆ ತಾಳಮದ್ದಳೆ ನೆನಪಾಗಬಹುದು. ಅಲ್ಲಿಯೂ ಮಾತು ಆ ಕ್ಷಣದಲ್ಲೇ ಹುಟ್ಟುವಂಥದ್ದು, ಎದುರು ಕುಳಿತ ಅರ್ಥಧಾರಿ ಎಸೆಯುವ ಪ್ರಶ್ನೆ ಮೊದಲೇ ತಿಳಿದಿರುವುದಿಲ್ಲ. ಆದರೆ ವಾಲಿ ವಾದದಲ್ಲಿ ಎಷ್ಟೇ ಗೆದ್ದರೂ ಪ್ರಸಂಗದ ಕೊನೆಗೆ ಸಾಯಲೇಬೇಕು. ಈ ಆಟದಲ್ಲಿ ವಾಲಿ ಬದುಕಲೂಬಹುದು. ವ್ಯತ್ಯಾಸ ಇರುವುದು ಅಲ್ಲಿಯೇ.

ಈ ಪ್ರಕಾರದ ಆಟ ಹುಟ್ಟಿದ್ದೇ ಒಂದು ಕೆಟ್ಟುಹೋದ ಯೋಜನೆಯಿಂದ. 1969ರಲ್ಲಿ ಅಮೆರಿಕದ ಮಿನೆಸೋಟ ರಾಜ್ಯದಲ್ಲಿ ಡೇವಿಡ್ ವೆಸ್ಲಿ ಎಂಬ ತರುಣ ಗೆಳೆಯರಿಗಾಗಿ ಒಂದು ಯುದ್ಧದಾಟ ಏರ್ಪಡಿಸಿದ. ನೆಪೋಲಿಯನ್ ಕಾಲದ ಎರಡು ಸೇನೆಗಳು, ನಡುವೆ ಬ್ರೌನ್‌ಸ್ಟೈನ್ ಎಂಬ ಕಾಲ್ಪನಿಕ ಜರ್ಮನ್ ಪಟ್ಟಣ. ಸೇನೆ ನಡೆಸುವವರಲ್ಲದೆ ಉಳಿದವರಿಗೂ ಏನಾದರೂ ಕೆಲಸವಿರಲೆಂದು ಅವನು ಪಟ್ಟಣದ ಜನರ ಪಾತ್ರಗಳನ್ನು ಹಂಚಿದ. ಆಟಗಾರರು ಯುದ್ಧ ಶುರುವಾಗುವವರೆಗೆ ಕಾಯಲಿಲ್ಲ. ಗುಂಪು ಗುಂಪಾಗಿ ಮೂಲೆ ಸೇರಿ ತಮ್ಮತಮ್ಮಲ್ಲೇ ಸಂಚು ಹೂಡತೊಡಗಿದರು. ಇಬ್ಬರು ದ್ವಂದ್ವಯುದ್ಧಕ್ಕೇ ಇಳಿದರು. ಅದಕ್ಕೆ ನಿಯಮವೇ ಇರಲಿಲ್ಲ, ವೆಸ್ಲಿ ಅಲ್ಲಿಯೇ ಒಂದನ್ನು ಕಟ್ಟಿಕೊಡಬೇಕಾಯಿತು. ಎರಡು ಸೇನೆಗಳು ಎದುರುಬದುರಾಗಲೇ ಇಲ್ಲ. ಆಟ ಪೂರ್ತಿ ಕೆಟ್ಟಿತೆಂದು ಅವನು ಭಾವಿಸಿದರೆ, ಗೆಳೆಯರು ಇಂಥದ್ದು ಇನ್ನೊಂದು ಬೇಕೆಂದು ದುಂಬಾಲು ಬಿದ್ದರು. ಆ ಗೆಳೆಯರಲ್ಲಿ ಆರ್ನೆಸನ್ ಒಬ್ಬ. ಮುಂದೆ ಅವನು ಇದೇ ಬೀಜವನ್ನು ಮಾಂತ್ರಿಕರೂ ಡ್ರ್ಯಾಗನ್‌ಗಳೂ ಇರುವ ಲೋಕಕ್ಕೆ ತಂದು ನೆಟ್ಟ.

ವಿಪರ್ಯಾಸವೆಂದರೆ, ಹೀಗೆ ಹುಟ್ಟಿದ ಆಟವೇ ಕಾಲಕ್ರಮೇಣ ಸಿದ್ಧಕತೆಗೆ ಕಟ್ಟುಬಿದ್ದದ್ದು. 1984ರಲ್ಲಿ ಆರಂಭವಾದ ‘ಡ್ರ್ಯಾಗನ್‌ಲ್ಯಾನ್ಸ್’ ಸಾಹಸ ಪುಸ್ತಿಕೆಗಳನ್ನು ನೋಡಿ. ಕತೆ ದೊಡ್ಡದು, ಪಾತ್ರಗಳಿಗೆ ಆಳವಿದೆ. ಆದರೆ ಮುಖ್ಯ ಪಾತ್ರವೊಂದು ಅಕಾಲದಲ್ಲಿ ಸತ್ತರೆ, ದೇಹ ಸಿಗದಂತೆ ನೋಡಿಕೊಂಡು ಮುಂದೆ ಮರಳಿ ಬರಲು ದಾರಿ ಇಟ್ಟುಕೊಳ್ಳಿ ಎಂದು ಪುಸ್ತಿಕೆ ಮಾಸ್ಟರ್‌ಗೆ ಸೂಚಿಸುತ್ತದೆ. ಕತೆಗೆ ಅವನು ಬೇಕಲ್ಲ! ಇಂಥ ನಡೆಗೆ ಆಟಗಾರರು ಇಟ್ಟ ಹೆಸರು ‘ರೈಲ್‌ರೋಡಿಂಗ್’. ಬಂಡಿ ಎತ್ತ ಹೋಗಬೇಕೆಂದು ಹಳಿ ಮೊದಲೇ ನಿರ್ಧರಿಸಿಬಿಟ್ಟಿರುತ್ತದೆ. ಇದರ ಇನ್ನೂ ಸೂಕ್ಷ್ಮ ರೂಪವೊಂದಿದೆ. ಎಡದಾರಿ, ಬಲದಾರಿ ಎಂದು ಎರಡನ್ನು ತೋರಿಸಿ ಆಯ್ದುಕೊಳ್ಳಿ ಎನ್ನುವುದು, ಯಾವುದನ್ನು ಆಯ್ದರೂ ಅದೇ ರಾಕ್ಷಸನನ್ನು ತಂದು ನಿಲ್ಲಿಸುವುದು. ಆಟಗಾರನಿಗೆ ಇದು ತಿಳಿಯುವುದೇ ಇಲ್ಲ. ತಿಳಿಯದ ಮಾತ್ರಕ್ಕೆ ಅದು ಮೋಸವಲ್ಲವೆ? ಆಯ್ಕೆ ಕೊಟ್ಟಂತೆ ಮಾಡಿ ಆಯ್ಕೆಯನ್ನು ಕಸಿದುಕೊಳ್ಳುವುದು ಬಾಯಿಬಿಟ್ಟು ‘ಬೇಡ’ ಎನ್ನುವುದಕ್ಕಿಂತ ಕೀಳು.

ಮಾಸ್ಟರ್‌ಗೆ ಬರುವ ಅತ್ಯಂತ ಕಠಿಣ ಪರೀಕ್ಷೆ ಯಾವುದು? ಆಟಗಾರರು ಊರಿಗೆ ಬೆಂಕಿ ಇಟ್ಟಾಗ, ರಾಜನನ್ನು ಬೈದಾಗ ಬರುವುದಲ್ಲ. ಕೊಲ್ಲಲೆಂದೇ ಇಟ್ಟ ಶತ್ರುವಿನೆದುರು ಆಟಗಾರ ಕತ್ತಿ ಕೆಳಗಿಟ್ಟು ‘ನಾನು ಮಾತನಾಡುತ್ತೇನೆ’ ಎಂದಾಗ ಬರುವುದು ಆ ಪರೀಕ್ಷೆ.

ಗೈಗ್ಯಾಕ್ಸ್ ಬರೆದ ‘ದಿ ಕೀಪ್ ಆನ್ ದ ಬಾರ್ಡರ್‌ಲ್ಯಾಂಡ್ಸ್’ ಎಂಬ ಪುಸ್ತಿಕೆಯನ್ನು ಈ ದೃಷ್ಟಿಯಿಂದ ಓದಬೇಕು. ಹೊಸಬರಿಗಾಗಿ ಆಟದ ಪೆಟ್ಟಿಗೆಯಲ್ಲೇ ಇಟ್ಟು ಮಾರಿದ್ದರಿಂದ ಒಂದು ತಲೆಮಾರು ಆಟ ಕಲಿತದ್ದು ಇದರಿಂದ. ಗಡಿಯಲ್ಲೊಂದು ಕೋಟೆ, ಅದರೊಳಗೆ ನಾಗರಿಕ ಮನುಷ್ಯರು. ಆಚೆ ಕಣಿವೆಯ ಗುಹೆಗಳಲ್ಲಿ ಆರ್ಕ್, ಗಾಬ್ಲಿನ್, ಕೋಬೋಲ್ಡ್ ಮುಂತಾದ ‘ದುಷ್ಟ’ ಕುಲಗಳು. ಒಳನುಗ್ಗಿ ಕೊಂದು ಸಂಪತ್ತು ತರುವುದು ಆಟಗಾರರ ಕೆಲಸ. ಆದರೆ ಅದೇ ಪುಸ್ತಿಕೆ ಆ ಗುಹೆಗಳಲ್ಲಿ ಹೆಂಗಸರೂ, ಹೋರಾಡದ ಮಕ್ಕಳೂ ಇದ್ದಾರೆಂದು ಲೆಕ್ಕ ಕೊಡುತ್ತದೆ. ಅವರನ್ನು ಏನು ಮಾಡಬೇಕೆಂಬ ಬಗ್ಗೆ ಅದಕ್ಕೆ ಚಿಂತೆಯಿಲ್ಲ. ಕುಲಗಳ ನಡುವೆ ಹಗೆಯಿದೆ, ಜಾಣ ಆಟಗಾರರು ಒಬ್ಬರ ಮೇಲೊಬ್ಬರನ್ನು ಎತ್ತಿಕಟ್ಟಬಹುದು ಎಂಬ ಸುಳಿವನ್ನೂ ಕೊಡುತ್ತದೆ. ಒಡೆದು ಆಳುವುದು ಲೇಖಕರಿಗೆ ಹೊಳೆದಿದೆ, ಕೂಡಿ ಬಾಳುವುದು ಹೊಳೆದಿಲ್ಲ.

ಪುಸ್ತಿಕೆಯಲ್ಲಿ ಇನ್ನೊಂದು ಅರ್ಥಪೂರ್ಣ ವಿವರವಿದೆ. ಆಟದ ಆರಂಭದಲ್ಲಿ ಆಟಗಾರರಿಗೆ ಕೆಲವು ಗಾಳಿಮಾತುಗಳು ಸಿಗುತ್ತವೆ, ಅವುಗಳಲ್ಲಿ ಕೆಲವು ಸುಳ್ಳು. ‘ಬ್ರೀ-ಯಾರ್ಕ್’ ಎಂದರೆ ಗಾಬ್ಲಿನ್ ಭಾಷೆಯಲ್ಲಿ ‘ಶರಣಾದೆವು’ ಎಂಬುದು ಅಂಥದ್ದೊಂದು ಸುಳ್ಳು. ನಿಜದಲ್ಲಿ ಅದು ತಮ್ಮವರನ್ನು ಸಹಾಯಕ್ಕೆ ಕರೆಯುವ ಕೂಗು. ಆಚೆಯವರ ಭಾಷೆ ಬಾರದ ಕೋಟೆಯೊಂದು ಅವರ ಬಗ್ಗೆ ಏನೇನನ್ನು ನಂಬಿಕೊಂಡಿರುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ರೂಪಕ ಬೇಕೆ? ಲೇಖಕರು ಇದನ್ನು ತಮಾಷೆಗೆ ಇಟ್ಟಿರಬಹುದು. ಓದುಗ ಅದನ್ನು ತಮಾಷೆಗೆ ಬಿಡಬೇಕಾಗಿಲ್ಲ.

ಆದರೆ ಆಟದ ನಿಯಮಗಳು ಪುಸ್ತಿಕೆಗಿಂತ ಉದಾರವಾಗಿದ್ದವು. 1981ರಲ್ಲಿ ಟಾಮ್ ಮೋಲ್ಡ್‌ವೇ ಸಂಪಾದಿಸಿದ ಆರಂಭಿಕ ನಿಯಮಪುಸ್ತಕದಲ್ಲಿ ಒಂದು ಪಟ್ಟಿಯಿದೆ. ಅಪರಿಚಿತ ಜೀವಿ ಎದುರಾದಾಗ ಅದರ ಮನೋಭಾವ ಮೊದಲೇ ಸ್ಪಷ್ಟವಿಲ್ಲದಿದ್ದರೆ ಮಾಸ್ಟರ್ ಎರಡು ದಾಳ ಹಾಕಬೇಕು. ಮೊತ್ತ 2 ಬಂದರೆ ಮಾತ್ರ ತಕ್ಷಣದ ದಾಳಿ. 3ರಿಂದ 5 ಬಂದರೆ ಹಗೆತನ, ದಾಳಿ ಆಗಲೂಬಹುದು. 6ರಿಂದ 8 ಎಂದರೆ ಅನಿಶ್ಚಿತ, 9ರಿಂದ 11 ಬಂದರೆ ಜೀವಿ ಹಿಂದೆ ಸರಿಯುತ್ತದೆ ಇಲ್ಲವೇ ಮಾತಿಗೆ ಒಪ್ಪುತ್ತದೆ. 12 ಬಂದರೆ ಸ್ನೇಹ. ಲೆಕ್ಕ ಹಾಕಿ ನೋಡಿ. ಎರಡು ದಾಳ ಬೀಳಬಹುದಾದ 36 ಬಗೆಗಳಲ್ಲಿ ತಕ್ಷಣದ ದಾಳಿಗೆ ಇರುವುದು ಒಂದೇ, ಅನಿಶ್ಚಿತತೆಗೆ 16. ಅಂದರೆ ಮೊದಲ ಭೇಟಿಯಲ್ಲಿ ಎದುರಿನವನು ಶತ್ರುವೆಂದು ಖಚಿತವಾಗಿ ಹೇಳಲಾಗದು ಎಂಬ ವಿವೇಕ ಈ ಪಟ್ಟಿಯೊಳಗೇ ಇದೆ. ಅದನ್ನು ಬದಿಗಿಟ್ಟು ಪ್ರತಿ ಗುಹೆಯನ್ನೂ ರಣರಂಗ ಮಾಡಿದ ಮಾಸ್ಟರ್‌ಗಳು ನಿಯಮವನ್ನು ಪಾಲಿಸಲಿಲ್ಲ, ರೂಢಿಯನ್ನು ಪಾಲಿಸಿದರು.

ಹಾಗಾದರೆ ಆಟಗಾರ ಕತ್ತಿ ಕೆಳಗಿಟ್ಟಾಗ ಒಳ್ಳೆಯ ಮಾಸ್ಟರ್ ಏನು ಮಾಡುತ್ತಾರೆ? ಮೊದಲು, ಸಮಯ ತೆಗೆದುಕೊಳ್ಳುತ್ತಾರೆ. ಚಹಾಕ್ಕೆ ಹತ್ತು ನಿಮಿಷ ಬಿಡುವು ಕೊಟ್ಟರೆ ಅವಮಾನವೇನಿಲ್ಲ. ಆಮೇಲೆ, ‘ಮುಂದೆ ಕತೆಯಲ್ಲಿ ಏನಾಗಬೇಕು?’ ಎಂದು ಕೇಳಿಕೊಳ್ಳುವ ಬದಲು ‘ಈ ಗಾಬ್ಲಿನ್‌ಗೆ ಏನು ಬೇಕು?’ ಎಂದು ಕೇಳಿಕೊಳ್ಳುತ್ತಾರೆ. ಅದಕ್ಕೆ ಮಕ್ಕಳಿದ್ದಾರೆ, ಪಕ್ಕದ ಗುಹೆಯವರೊಂದಿಗೆ ಜಗಳವಿದೆ, ಸಹಾಯಕ್ಕೆ ಬರುವ ದೈತ್ಯನಿಗೆ ಪ್ರತಿ ಸಲವೂ ಹಣದ ಚೀಲ ಎಸೆಯಬೇಕಾಗಿದೆ. ಇವೆಲ್ಲ ಪುಸ್ತಿಕೆಯಲ್ಲೇ ಇರುವ ಸಂಗತಿಗಳು. ಇವುಗಳಿಂದಲೇ ಸಂಧಿಯ ಮಾತು ಹುಟ್ಟಬಲ್ಲದು. ಕತೆಯ ಸಾಲನ್ನು ಸಿದ್ಧಪಡಿಸಿಕೊಂಡು ಬಂದವರು ಇಲ್ಲಿ ತಡವರಿಸುತ್ತಾರೆ, ಜನರನ್ನೂ ಅವರ ಬೇಕುಬೇಡಗಳನ್ನೂ ಸಿದ್ಧಪಡಿಸಿಕೊಂಡವರು ತಡವರಿಸುವುದಿಲ್ಲ.

ಹಾಗೆಂದು ಕೇಳಿದ್ದಕ್ಕೆಲ್ಲ ಹೂಂಗುಟ್ಟುವುದೂ ಸಲ್ಲದು. ಗಾಬ್ಲಿನ್ ನಂಬದಿರಬಹುದು, ನಂಬಿಸಿ ಬೆನ್ನಿಗೆ ಇರಿಯಬಹುದು. ಸಂಧಿಯಾದರೆ ಕೋಟೆಯ ಜನ ಆಟಗಾರರನ್ನೇ ದ್ರೋಹಿಗಳೆಂದು ಕರೆಯಬಹುದು. ಈ ಬೆಲೆಯನ್ನು ಮಾಸ್ಟರ್ ಮುಚ್ಚಿಡಬಾರದು. ಪರಿಣಾಮವಿಲ್ಲದ ಆಯ್ಕೆಯೂ ಆಯ್ಕೆಯಲ್ಲ. ಎದುರಾಳಿ ಸಂಧಿಯತ್ತ ಒಲಿದರೆ ಅದನ್ನು ತಳ್ಳಿಹಾಕಬಾರದೆಂಬ ಕುರ್‌ಆನಿನ ಬೋಧನೆಯನ್ನು ಅರಿತವರಿಗೆ ಗೊತ್ತು: ಅದು ಅಪಾಯವೇ ಇಲ್ಲದವರಿಗೆ ಹೇಳಿದ ಮಾತಲ್ಲ, ವಂಚನೆಯ ಭಯವಿದ್ದವರಿಗೂ ಹೇಳಿದ್ದು.

ಆಟದ ಪ್ರಕಾಶಕರು 2020ರ ಜೂನ್‌ನಲ್ಲಿ ಒಂದು ಹೇಳಿಕೆ ನೀಡಿ, ಆರ್ಕ್‌ನಂಥ ಕುಲಗಳನ್ನು ಹುಟ್ಟಾ ದುಷ್ಟರೆಂದು ಚಿತ್ರಿಸಿದ್ದು ಲೋಕದಲ್ಲಿ ನಿಜ ಜನಾಂಗಗಳನ್ನು ಹೀಗಳೆದ ರೀತಿಯನ್ನೇ ನೆನಪಿಸುತ್ತದೆಂದು ಒಪ್ಪಿಕೊಂಡರು. 2024ರ ಆಟಗಾರರ ಕೈಪಿಡಿಯಲ್ಲಿ ಆರ್ಕ್ ಯಾರು ಬೇಕಾದರೂ ವಹಿಸಬಹುದಾದ ಪಾತ್ರ. ಕಲ್ಪನೆಯ ರಾಕ್ಷಸನಿಗೂ ಮಾನಹಾನಿಯೇ ಎಂದು ನಕ್ಕವರಿದ್ದಾರೆ. ಹೆಸರು ಕೇಳಿದೊಡನೆ ಬಾಡಿಗೆ ಮನೆಯ ಬಾಗಿಲು ಮುಚ್ಚಿಕೊಂಡದ್ದನ್ನು ಕಂಡವರು ನಗಲಾರರು. ಒಂದು ಗುಂಪನ್ನು ಮೊದಲೇ ಅಳೆದು ಮುಗಿಸಿರುವ ಮನಸ್ಸು ಆಟದ ಮೇಜಿನ ಮುಂದೆ ಕುಳಿತೊಡನೆ ಬೇರೆಯಾಗುವುದಿಲ್ಲ, ಮೇಜಿನಿಂದ ಎದ್ದೊಡನೆಯೂ ಆಗುವುದಿಲ್ಲ.

ಆದರೆ ಪ್ರಕಾಶಕರು ಹೇಳಿಕೆ ಕೊಡುವುದಕ್ಕೆ ಎಷ್ಟೋ ಮೊದಲೇ ಯಾವುದೋ ಮೇಜಿನಲ್ಲಿ ಯಾರೋ ಒಬ್ಬ ಹುಡುಗ, ಹುಡುಗಿ ‘ಮಕ್ಕಳಿದ್ದಾರೆ, ನಾವು ಕೊಲ್ಲುವುದಿಲ್ಲ’ ಎಂದಿರಲೇಬೇಕು. ಪುಸ್ತಿಕೆಯಲ್ಲಿ ಉತ್ತರವಿಲ್ಲದ ಮಾತು ಅದು. ಆಗ ಮಾಸ್ಟರ್ ಪುಸ್ತಿಕೆ ಮಡಚಿ ‘ಸರಿ, ಅವರಿಗೆ ಏನು ಹೇಳುತ್ತೀರಿ?’ ಎಂದು ಕೇಳಿದ್ದರೆ, ಆ ಮೇಜಿನಲ್ಲಿ ಈ ತಿದ್ದುಪಡಿ ಆಗಲೇ ಆಗಿಹೋಗಿತ್ತು.