ಚಿತ್ರಕಾರನ ದೇಶಾಟನ: ಕೆ. ವೆಂಕಟಪ್ಪನವರ ಗಿರಿಚಿತ್ರಗಳ ವಿಮರ್ಶೆ

ಕಾವ್ಯಹೇತುವನ್ನು ನಿರೂಪಿಸುವಲ್ಲಿ ಮಮ್ಮಟಾಚಾರ್ಯನು ಶಕ್ತಿ, ನಿಪುಣತೆ, ಅಭ್ಯಾಸಗಳೆಂಬ ಮೂರನ್ನೂ ಕೂಡಿಸಿ ಒಂದೇ ಹೇತುವೆಂದೆಣಿಸಿ, ನಿಪುಣತೆಯು ಲೋಕ, ಶಾಸ್ತ್ರ, ಕಾವ್ಯಾದಿಗಳ ಅವೇಕ್ಷಣದಿಂದ ಉಂಟಾಗುವುದೆಂದು ಹೇಳಿರುವನು. ಇಲ್ಲಿ ಲೋಕವು ಶಾಸ್ತ್ರಕ್ಕಿಂತ ಮೊದಲು ಬಂದಿರುವುದನ್ನು ನಾವು ಪಾಠ ಹೇಳುವಾಗ ಬೇಗನೆ ದಾಟಿಬಿಡುತ್ತೇವೆ. ಕವಿಯಂತೆಯೇ ಚಿತ್ರಕಾರನಿಗೂ ಲೋಕಾವೇಕ್ಷಣವು ಬೇಕೆಂಬುದು ನಿರ್ವಿವಾದ. ಆದರೆ ಅದಕ್ಕಾಗಿ ಊರು ಬಿಟ್ಟು ಹೋದವನು ಮರಳುವಾಗ ಏನನ್ನು ತರಬೇಕು? ಈ ಪ್ರಶ್ನೆಯನ್ನು ಮೈಸೂರಿನ ಕೆ. ವೆಂಕಟಪ್ಪನವರ (೧೮೮೬–೧೯೬೫) ಉದಕಮಂಡಲದ ಚಿತ್ರಗಳನ್ನು ಮುಂದಿಟ್ಟುಕೊಂಡು ವಿಚಾರಮಾಡುವುದು ಈ ಲೇಖನದ ಉದ್ದೇಶ.

ಚಿತ್ರಕಾರನ ಯಾತ್ರೆಯು ದ್ವಿವಿಧವಾದುದು: ಸಾಮಗ್ರಿಯನ್ನು ಕೂಡಿಸುವುದಕ್ಕಾಗಿ ಒಂದು, ಮಾಡಿದ ಚಿತ್ರವನ್ನು ತೋರಿಸುವುದಕ್ಕಾಗಿ ಇನ್ನೊಂದು. ಎರಡಕ್ಕೂ ರವಿವರ್ಮರೇ ಪ್ರಸಿದ್ಧ ನಿದರ್ಶನ. ಬಡೋದೆಯ ಅರಮನೆಗೆ ಪುರಾಣಚಿತ್ರಗಳನ್ನು ಬರೆಯಬೇಕಾಗಿ ಬಂದಾಗ, ಪೂರ್ವಕಾಲದ ಸ್ತ್ರೀಪುರುಷರ ವೇಷವಾವುದೆಂದು ನಿಶ್ಚಯಿಸುವುದಕ್ಕಾಗಿ ಅವರು ಉತ್ತರಹಿಂದೂಸ್ಥಾನವನ್ನು ಸಂಚರಿಸಿದರು. ಕೊನೆಗೆ ಸೀರೆಯನ್ನೇ ಗ್ರಹಿಸಿದರು. ೧೮೯೩ರ ಚಿಕಾಗೋ ಪ್ರದರ್ಶನಕ್ಕೆ ಅವರ ಹತ್ತು ಚಿತ್ರಗಳು ಹೋಗಿ ಬಹುಮಾನ ಪಡೆದುವು, ಅವರು ಹೋಗಲಿಲ್ಲ. ಹೀಗೆ ರವಿವರ್ಮರು ದೇಶಾಟನದಿಂದ ತಂದುದು ವಸ್ತು: ಉಡುಗೆ, ತೊಡಿಗೆ, ಮುಖಚ್ಛಾಯೆ.

ವೆಂಕಟಪ್ಪನವರ ಮೊದಲ ದೊಡ್ಡ ಯಾತ್ರೆ ವಿದ್ಯಾರ್ಥಿಯ ಯಾತ್ರೆ. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಿಂದ ಅವರು ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರ ಶಿಷ್ಯರಾದರು; ನಂದಲಾಲ ಬಸು ಮೊದಲಾದ ಸಹಪಾಠಿಗಳಂತೆ ಅಜಂತೆಯ ಗುಹೆಗಳಿಗೂ ಹೋಗಿ ಅಲ್ಲಿ ಹೆರಿಂಗ್‌ಹ್ಯಾಮ್ ಎಂಬ ಆಂಗ್ಲ ವಿದುಷಿಯು ನಡೆಸುತ್ತಿದ್ದ ಪ್ರತಿಲೇಖನಕಾರ್ಯದಲ್ಲಿ ನೆರವಾದರು. ೧೯೧೩ರಲ್ಲಿ ಹೊರಬಂದ, ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿಯವರ ಪುರಾಣಕಥಾಗ್ರಂಥದಲ್ಲಿ ಅವರ ರಾಮಾಯಣಚಿತ್ರಗಳಿವೆ. ಇಲ್ಲಿಯವರೆಗೆ ಅವರ ಅವೇಕ್ಷಣವು ಕಾವ್ಯಾದಿಗಳದು, ಎಂದರೆ ಪೂರ್ವಿಕರ ಕೃತಿಗಳದು. ೧೯೨೬ರಲ್ಲಿ ಉದಕಮಂಡಲದಲ್ಲಿಯೂ ಅನಂತರ ಕೊಡೈಕಾನಲ್ಲಿನಲ್ಲಿಯೂ ಅವರು ಬರೆದ ಜಲವರ್ಣಚಿತ್ರಗಳಲ್ಲಿ ಪುರಾಣವಿಲ್ಲ, ಕಥೆಯಿಲ್ಲ. ಬೆಟ್ಟ, ಕೆರೆ, ಮೋಡ, ಬೆಳುದಿಂಗಳುಗಳೇ ಇವೆ.

ಇದರ ಮೇಲೆ ಪೂರ್ವಪಕ್ಷವು ಹೀಗೆ ಏಳಬಹುದು: ಭಾವಪ್ರಧಾನವಾದ ಸಂಪ್ರದಾಯದಲ್ಲಿ ನುರಿತವರು ಕಂಡುದನ್ನು ಕಂಡಂತೆ ಬರೆಯಲು ತೊಡಗಿದರೆ ಅದು ಅನುಕರಣವೇ ಹೊರತು ಸೃಷ್ಟಿಯಲ್ಲ, ಪ್ರತಿಭೆಯು ಕುಂದಿತೆಂಬುದಕ್ಕೆ ಅದೇ ಲಕ್ಷಣ. ಯಶೋಧರನು ಹೇಳಿದ, ಅವನೀಂದ್ರನಾಥರೂ ವಿವರಿಸಿದ, ಚಿತ್ರದ ಷಡಂಗಗಳಲ್ಲಿ ಸಾದೃಶ್ಯವೊಂದನ್ನೇ ಹಿಡಿದು ಭಾವವನ್ನು ಬಿಟ್ಟಂತಾಯಿತು.

ಈ ಆಕ್ಷೇಪವು ನಿಲ್ಲತಕ್ಕುದಲ್ಲ. ವಿಷ್ಣುಧರ್ಮೋತ್ತರದ ಚಿತ್ರಸೂತ್ರವು ಋತುಗಳನ್ನೂ ಹೊತ್ತುಗಳನ್ನೂ ಚಿತ್ರಿಸುವ ಕ್ರಮವನ್ನು ಹೇಳುತ್ತದೆ. ಆ ಕ್ರಮವು ಬಹುಮಟ್ಟಿಗೆ ಚಿಹ್ನೆಗಳಿಂದ ಸಾಧಿತವಾದುದು. ಬೆಳುದಿಂಗಳೆಂದರೆ ಅರಳಿದ ಕುಮುದ. ಮಳೆಗಾಲವೆಂದರೆ ಮೇಘ, ಮಿಂಚು. ನೋಡುವವನು ಚಿಹ್ನೆಯನ್ನು ಓದಿ ಕಾಲವನ್ನು ಊಹಿಸುತ್ತಾನೆ. ವೆಂಕಟಪ್ಪನವರ ಬೆಳುದಿಂಗಳ ಉದಕಮಂಡಲದಲ್ಲಿ ಓದಬೇಕಾದ ಕುಮುದವಿಲ್ಲ. ಅಲ್ಲಿ ಕಾಲವನ್ನು ತಿಳಿಸುವುದು ಬಣ್ಣದ ತೆಳುಪೇ; ಇದು ವರ್ಣಿಕಾಭಂಗವೆಂಬ ಆರನೆಯ ಅಂಗದ ಕೆಲಸ. ಆದಕಾರಣ ಭಾವವು ಬಿಟ್ಟುಹೋಗಿಲ್ಲ. ಚಿಹ್ನೆಯಲ್ಲಿದ್ದುದು ವರ್ಣಕ್ಕೆ ಸಂಕ್ರಮಿಸಿದೆ.

ಇದು ಸಂಪ್ರದಾಯಭಂಗವೆ? ರಾಜಶೇಖರನ ಕಾವ್ಯಮೀಮಾಂಸೆಯನ್ನು ನೋಡಬೇಕು. ಕವಿಸಮಯವು ಹೇಗೆ ಹುಟ್ಟಿತೆಂದು ಹೇಳುವಾಗ ಅವನು, ಪೂರ್ವಿಕರಾದ ವಿದ್ವಾಂಸರು ವೇದಶಾಸ್ತ್ರಗಳನ್ನರಿತು, ದೇಶಾಂತರ ದ್ವೀಪಾಂತರಗಳನ್ನು ಸುತ್ತಿ ಕಂಡುದನ್ನು ಬರೆದರೆಂದೂ, ದೇಶಕಾಲಗಳು ಬೇರೆಯಾದರೂ ಅದನ್ನು ಹಾಗೆಯೇ ನಿಬಂಧಿಸುವುದು ಕವಿಸಮಯವೆಂದೂ ಹೇಳುತ್ತಾನೆ. ಎಂದಮೇಲೆ ಇಂದಿನ ರೂಢಿಯು ಅಂದಿನ ಒಬ್ಬನ ದೇಶಾಟನದ ಫಲ. ರೂಢಿಯನ್ನು ಮಾತ್ರ ಆವರ್ತಿಸುವವನು ಇನ್ನೊಬ್ಬನು ನಡೆದ ದಾರಿಯ ಬುತ್ತಿಯನ್ನು ಉಣ್ಣುವವನು. ವೆಂಕಟಪ್ಪನವರು ರೂಢಿಯ ಮೂಲಕ್ಕೇ ಹಿಂದಿರುಗಿ ತಾವೇ ನಡೆದರು. ಇದು ಸಂಪ್ರದಾಯಭಂಗವಲ್ಲ, ಸಂಪ್ರದಾಯದ ಪುನರಾರಂಭ.

ಗುಣವನ್ನು ಹೇಳಿದಂತೆ ದೋಷವನ್ನೂ ಹೇಳಬೇಕು. ಈ ಗಿರಿಚಿತ್ರಗಳಲ್ಲಿ ಮನುಷ್ಯನು ಇಲ್ಲವೆಂಬಷ್ಟು ವಿರಳ. ಅಲ್ಲಿಯ ತೋಡರ ಮಂದೆಯಾಗಲಿ, ಹೊಲದಲ್ಲಿ ಗೇಯುವ ಬಡಗರ ಬಾಳಾಗಲಿ ಅವುಗಳ ವಿಷಯವಲ್ಲ. ಮಂಜಿಗೆ ಸಂದ ಸೂಕ್ಷ್ಮದೃಷ್ಟಿಯು ಜನಕ್ಕೆ ಸಲ್ಲಲಿಲ್ಲ. ಲೋಕವೆಂಬ ಶಬ್ದಕ್ಕೆ ಸ್ಥಾವರ, ಜಂಗಮ ಎರಡೂ ಅರ್ಥವೆಂದು ವೃತ್ತಿಯಲ್ಲಿ ಮಮ್ಮಟನೇ ಹೇಳಿರುವಾಗ ಈ ಅವೇಕ್ಷಣವು ಅರ್ಧದಲ್ಲಿ ನಿಂತಿತೆಂದೇ ಹೇಳಬೇಕಾಗುತ್ತದೆ. ಆದರೂ ಆ ಅರ್ಧವು ಪೂರ್ಣನಿಷ್ಠೆಯಿಂದ ಸಾಧಿತವಾದ ಅರ್ಧ.

ಇನ್ನು ಪ್ರದರ್ಶನದ ಮಾತು. ಚಿತ್ರವನ್ನು ಮಾರುವುದರಲ್ಲಿ ಅವರಿಗೆ ಒಲವಿರಲಿಲ್ಲ. ಬಹುಭಾಗವನ್ನು ತಮ್ಮಲ್ಲಿಯೇ ಉಳಿಸಿಕೊಂಡರು. ಇದರಿಂದ ಅವರ ಕೀರ್ತಿಯು ರವಿವರ್ಮರದರಂತೆ ಮನೆಮನೆಗೆ ಹೋಗಲಿಲ್ಲ. ಆದರೆ ಕೃತಿಗಳು ಚದುರಿಯೂ ಹೋಗಲಿಲ್ಲ. ಅವರ ಕಾಲಾನಂತರ ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ, ಸರಕಾರದ ವಸ್ತುಸಂಗ್ರಹಾಲಯದ ಪಕ್ಕದಲ್ಲಿ, ಅವರ ಹೆಸರಿನ ಚಿತ್ರಶಾಲೆಯೇ ಸ್ಥಾಪಿತವಾಯಿತು. ಚಾಮರಾಜಪೇಟೆಯ ಪರಿಷನ್ಮಂದಿರದಿಂದ ಅದು ದೂರವಲ್ಲ. ಅಲಂಕಾರಶಾಸ್ತ್ರವನ್ನು ಪಾಠ ಹೇಳುವ ಉಪಾಧ್ಯಾಯರು ನಿಪುಣತೆಯ ಪ್ರಕರಣವನ್ನು ಹೇಳುವ ಮೊದಲು ಶಿಷ್ಯರಿಗೆ ಈ ಚಿತ್ರಗಳನ್ನು ತೋರಿಸುವುದು ಯುಕ್ತ. ಅವೇಕ್ಷಣವೆಂಬ ಪದಕ್ಕೆ ಇದಕ್ಕಿಂತ ಸ್ಪಷ್ಟವಾದ ವ್ಯಾಖ್ಯಾನವು ಪುಸ್ತಕದಲ್ಲಿ ಸಿಕ್ಕುವುದು ಕಷ್ಟ.