ಅರಬ್ಬಿ ಓದುಗನೂ ಸಾರ್ವಜನಿಕ ಗ್ರಂಥಾಲಯವೂ

ಹೊರನಾಡಿನಿಂದ ಬಂದು ನೆಲಸಿದ ಜನಕ್ಕೆ ಅವರ ನುಡಿಯ ಪುಸ್ತಕಗಳನ್ನು ಒದಗಿಸುವುದು ಸಾರ್ವಜನಿಕ ಗ್ರಂಥಾಲಯದ ಕರ್ತವ್ಯವೆಂಬುದು ಇಂದು ಒಪ್ಪಿತವಾದ ತತ್ತ್ವ. ಆದರೆ ಅದನ್ನು ಯಾವ ಭಾವದಿಂದ ಒಪ್ಪಲಾಗಿದೆ ಎಂಬುದು ಪರಿಶೀಲನಾರ್ಹ.

ಯುನೆಸ್ಕೋ ಮತ್ತು ಅಂತರರಾಷ್ಟ್ರೀಯ ಗ್ರಂಥಾಲಯ ಒಕ್ಕೂಟಗಳ 1994ರ ಘೋಷಣೆಯು ಸಾಮಾನ್ಯ ಸೇವೆಯನ್ನು ಬಳಸಲಾರದವರಿಗೆ ವಿಶೇಷ ಸೇವೆ ಸಲ್ಲಬೇಕೆಂದು ವಿಧಿಸುತ್ತದೆ. ಭಾಷಾ ಅಲ್ಪಸಂಖ್ಯಾತರನ್ನೂ ಅಂಗವಿಕಲರನ್ನೂ ಆಸ್ಪತ್ರೆ, ಸೆರೆಮನೆಗಳಲ್ಲಿರುವವರನ್ನೂ ಒಂದೇ ಉಸಿರಿನಲ್ಲಿ ಹೆಸರಿಸುತ್ತದೆ. 2022ರ ಪರಿಷ್ಕೃತ ಪಾಠದಲ್ಲಿಯೂ ಈ ಜೋಡಣೆ ಉಳಿದಿದೆ. ಉದ್ದೇಶವೇನೋ ಉದಾರವಾದುದೇ, ಆದರೆ ಇನ್ನೊಂದು ನುಡಿಯನ್ನು ಬಲ್ಲವನು ಇಲ್ಲಿ ಕೊರತೆಯುಳ್ಳವನಾಗಿ ತೋರುತ್ತಾನೆ. ಸ್ವೀಡನ್ನಿನ 2013ರ ಗ್ರಂಥಾಲಯ ಶಾಸನ ಇದಕ್ಕಿಂತ ವಿವೇಕಯುತವಾದುದು. ಅದರಲ್ಲಿ ಅಂಗವಿಕಲರಿಗೆ ಒಂದು ವಿಧಿ, ಬೇರೆ ಮಾತೃಭಾಷೆಯವರಿಗೆ ಇನ್ನೊಂದು. ಪರಭಾಷೆಯ ಸಾಹಿತ್ಯವನ್ನೂ ಸುಲಭ ಸ್ವೀಡಿಷ್ ಓದನ್ನೂ ಜೊತೆಯಾಗಿ ಒದಗಿಸಬೇಕೆಂದು ಎರಡನೆಯ ವಿಧಿ ಹೇಳುತ್ತದೆ. 2014ರಲ್ಲಿ ಅದು ಜಾರಿಗೆ ಬಂದಿತು. 2015ರೊಂದರಲ್ಲೇ ಸುಮಾರು 1,63,000 ಮಂದಿ ಆ ದೇಶದಲ್ಲಿ ಆಶ್ರಯ ಬೇಡಿದರು. ಅವರಲ್ಲಿ ಸಿರಿಯದವರೇ ಅತ್ಯಧಿಕ.

ಶಾಸನವು ಪುಸ್ತಕವನ್ನು ಕಪಾಟಿನವರೆಗೆ ತರಬಲ್ಲದು. ಓದುಗನ ಕೈಗೆ ಮುಟ್ಟಿಸಬೇಕಾದುದು ಗ್ರಂಥಸೂಚಿ. ಕನ್ನಡದಲ್ಲಿ ಸ್ವರವು ಕಾಗುಣಿತವಾಗಿ ವ್ಯಂಜನದೊಡನೆ ಬೆರೆತಿರುತ್ತದೆ. ಅರಬ್ಬಿಯಲ್ಲಿ ಹ್ರಸ್ವಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದೇ ಇಲ್ಲ. ಕ್, ತ್, ಬ್ ಎಂಬ ಮೂರಕ್ಷರಗಳನ್ನು ‘ಬರೆದನು’ ಎಂಬರ್ಥದ ‘ಕತಬ’ ಎಂದೂ ‘ಪುಸ್ತಕಗಳು’ ಎಂಬರ್ಥದ ‘ಕುತುಬ್’ ಎಂದೂ ಓದಬಹುದು. ನಮ್ಮವರ ಬಾಯಲ್ಲಿರುವ ‘ಕಿತಾಬು’ ಅದೇ ಧಾತುವಿನದು. ಪಶ್ಚಿಮದ ಗ್ರಂಥಾಲಯಗಳು ಬಹುಕಾಲ ಇಂಥ ಹೆಸರುಗಳನ್ನು ರೋಮನ್ ಲಿಪಿಗಿಳಿಸಿಯೇ ಸೂಚಿಯಲ್ಲಿ ಸೇರಿಸಿದವು. 1988ರ ನೊಬೆಲ್ ಪುರಸ್ಕೃತ ಕಾದಂಬರಿಕಾರ ಕೈರೋದವರ ಬಾಯಲ್ಲಿ ‘ನಗೀಬ್’ ಮಹಫೂಜ್; ಅಮೆರಿಕದ ಕಾಂಗ್ರೆಸ್ ಗ್ರಂಥಾಲಯದ ಲಿಪ್ಯಂತರದಲ್ಲಿ ‘ನಜೀಬ್’. ತನ್ನವನೇ ಆದ ಲೇಖಕನನ್ನು ಹುಡುಕಲು ಓದುಗನು ಪಂಡಿತರ ಸಂಕೇತವನ್ನು ಕಲಿಯಬೇಕಾಯಿತು. 1991ರ ಯೂನಿಕೋಡಿನಲ್ಲಿ ಅರಬ್ಬಿ ಲಿಪಿಗೆ ಸ್ಥಾನ ದೊರೆತ ಮೇಲೆ ತಂತ್ರದ ನೆಪ ಕ್ರಮೇಣ ಇಲ್ಲವಾಗಿದೆ.

ಮಕ್ಕಳ ಪ್ರಶ್ನೆ ಇನ್ನೂ ಕಠಿನ. ಮಗು ಮನೆಯಲ್ಲಿ ಕೇಳುವುದು ದಮಾಸ್ಕಸ್ಸಿನ ಅಥವಾ ಬಾಗ್ದಾದಿನ ಆಡುನುಡಿ. ಪುಸ್ತಕವಿರುವುದು ಬಹುಮಟ್ಟಿಗೆ ‘ಫುಸ್‌ಹಾ’ ಎಂಬ ಶಿಷ್ಟಭಾಷೆಯಲ್ಲಿ. ಆದುದರಿಂದ ಪುಸ್ತಕ ಕೊಂಡಿಟ್ಟರೆ ಸಾಲದು. ಓದಿ ಹೇಳಬಲ್ಲ, ಎರಡೂ ನುಡಿಯ ಬಳಕೆಯುಳ್ಳ ಗ್ರಂಥಪಾಲಕ ಬೇಕು. ಅವನಿಲ್ಲದೆಡೆ ಪುಸ್ತಕ ಎರವಲು ಹೋಗದು. ಎರವಲು ಹೋಗದುದಕ್ಕೆ ಬೇಡಿಕೆಯಿಲ್ಲವೆಂದು ಲೆಕ್ಕಪತ್ರ ನುಡಿಯುತ್ತದೆ. ಸೇವೆಯ ದೋಷ ಓದುಗನ ಅನಾಸಕ್ತಿಯಾಗಿ ದಾಖಲಾಗುವುದು ಹೀಗೆ.

ಮನೆಯಲ್ಲಿ ಕನ್ನಡವಾಡಿ ಶಾಲೆಯಲ್ಲಿ ಅದನ್ನು ಓದದ ಹೊರನಾಡ ಮಕ್ಕಳನ್ನು ಬಲ್ಲವರಿಗೆ ಈ ವರ್ತುಲ ಅಪರಿಚಿತವಲ್ಲ. ಇಂಥ ಸೇವೆಯನ್ನು ತೂಗುವವರು ಎರವಲಿನ ಎಣಿಕೆಗೆ ಮುನ್ನ, ಸೂಚಿ ಓದುಗನ ಲಿಪಿಯಲ್ಲಿದೆಯೇ, ಓದಿಸುವವರಿದ್ದಾರೆಯೇ ಎಂದು ಕೇಳುವುದು ನ್ಯಾಯ.