ಪಂಚಭೂತಗಳು ಧಾತುಗಳೇ?

ಪೃಥ್ವಿ ಎಂದರೆ ಘನ, ಅಪ್ಪು ದ್ರವ, ವಾಯು ಅನಿಲ, ತೇಜಸ್ಸು ಪ್ಲಾಸ್ಮಾ ಎಂಬ ವಿವರಣೆಯನ್ನು ನೀವು ಕೇಳಿರಬಹುದು. ಹಾಗಾದರೆ ಆಕಾಶ ಯಾವ ಸ್ಥಿತಿ? ಒಲೆಯ ಉರಿಯೂ ಬಹುಮಟ್ಟಿಗೆ ಬಿಸಿ ಅನಿಲವೇ. ಇನ್ನು ಕೆಲವರು ಗ್ರೀಕರ ನಾಲ್ಕು ಮೂಲಗಳನ್ನೂ ನಮ್ಮ ಐದು ಭೂತಗಳನ್ನೂ ಬರಿಯ ಅಜ್ಞಾನವೆಂದು ತಳ್ಳಿಹಾಕುತ್ತಾರೆ. ಹಿಂದಿನವರು ಕೇಳಿದ ಪ್ರಶ್ನೆ ಯಾವುದೆಂದು ಈ ಇಬ್ಬರೂ ವಿಚಾರಿಸುವುದಿಲ್ಲ.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಯ ಬಚ್ಚಲೊಲೆಗೆ ಹಸಿ ಸೌದೆ ಇಟ್ಟು ನೋಡಿ. ಉರಿ ಏಳುತ್ತದೆ, ಹೊಗೆ ಹೋಗುತ್ತದೆ, ಕೊರಡಿನ ತುದಿಯಲ್ಲಿ ನೀರು ಜಿನುಗುತ್ತದೆ, ಕೊನೆಗೆ ಬೂದಿ ಉಳಿಯುತ್ತದೆ. ವಸ್ತುಗಳಲ್ಲಿ ಬೆಂಕಿ, ಗಾಳಿ, ನೀರು, ಮಣ್ಣು ನಾಲ್ಕೂ ಇವೆ ಎನ್ನಲು ಯೂರೋಪಿನಲ್ಲಿ ಅರಿಸ್ಟಾಟಲನ ಅನುಯಾಯಿಗಳು ಕೊಡುತ್ತಿದ್ದ ಸಾಕ್ಷ್ಯವೂ ಇದೇ. ಅದು ಕಣ್ಣಿಗೆ ಕಂಡದ್ದರಿಂದ ಹೊರಟ ವಾದ. ಆದರೆ ಇವು ಸೌದೆಯೊಳಗೆ ಮೊದಲೇ ಇದ್ದವೋ, ಬೆಂಕಿಯಿಂದ ಹೊಸದಾಗಿ ಉಂಟಾದವೋ? 1661ರಲ್ಲಿ ರಾಬರ್ಟ್ ಬಾಯ್ಲ್ ಎತ್ತಿದ ಆಕ್ಷೇಪ ಇದು.

ಪ್ರಮಾಣದ ಮಾತು ಹಳಬರಲ್ಲೂ ಇತ್ತು. ಮೂಳೆಯ 8 ಪಾಲುಗಳಲ್ಲಿ 4 ಬೆಂಕಿ ಎಂದು ಕ್ರಿ.ಪೂ. 5ನೆಯ ಶತಮಾನದ ಎಂಪೆಡೊಕ್ಲಿಸ್ ಹೇಳಿದ್ದ. ಶೃಂಗೇರಿ ಪೀಠದ ವಿದ್ಯಾರಣ್ಯರ ಹೆಸರಿನಲ್ಲಿರುವ, 14ನೆಯ ಶತಮಾನದ 'ಪಂಚದಶಿ'ಯಲ್ಲಿ ಪಂಚೀಕರಣದ ಲೆಕ್ಕವಿದೆ: ಪ್ರತಿ ಸ್ಥೂಲಭೂತದಲ್ಲಿ ತನ್ನದೇ ಅಂಶ 1/2, ಉಳಿದ ನಾಲ್ಕರಿಂದ ತಲಾ 1/8. ಕೂಡಿಸಿದರೆ ಸರಿಯಾಗಿ 1. ಆದರೆ ಇವು ಯಾವುವೂ ತಕ್ಕಡಿಯಿಂದ ಬಂದ ಸಂಖ್ಯೆಗಳಲ್ಲ. ಪಂಚದಶಿಯು ಭೂತಗಳನ್ನು ಗುರುತಿಸುವುದು ಶಬ್ದ, ಸ್ಪರ್ಶ, ರೂಪ, ರಸ, ಗಂಧಗಳಿಂದ. ಅದರ ಗುರಿ ಆತ್ಮವಿಚಾರ. ಅದನ್ನು ರಸಾಯನ ವಿಜ್ಞಾನದ ಗ್ರಂಥವೆಂದು ಓದಿದರೆ ಗ್ರಂಥಕ್ಕೂ ಅನ್ಯಾಯ, ವಿಜ್ಞಾನಕ್ಕೂ ಅನ್ಯಾಯ.

ಅರಿಸ್ಟಾಟಲ್ ಆರಿಸಿಕೊಂಡದ್ದು ಬಿಸಿ, ತಂಪು, ಒದ್ದೆ, ಒಣ ಎಂಬ ನಾಲ್ಕು ಗುಣಗಳನ್ನು. ಗುಣ ಬದಲಾದರೆ ಒಂದು ಮೂಲ ಇನ್ನೊಂದಾಗುತ್ತದೆ, ನೀರು ಮಣ್ಣಾಗಬಲ್ಲದು ಎಂಬುದು ಅವನ ಮತ. ಇದನ್ನು ಪರೀಕ್ಷಿಸಬಹುದು. 1768-69ರಲ್ಲಿ ಲೆವಾಸಿಯೆ ಮುಚ್ಚಿದ ಗಾಜಿನ ಪಾತ್ರೆಯಲ್ಲಿ 101 ದಿನ ನೀರು ಕಾಯಿಸಿದ. ಮಣ್ಣಿನಂಥ ಗಷ್ಟು ಕಾಣಿಸಿಕೊಂಡಿತು. ತೂಗಿದಾಗ ಕಡಿಮೆಯಾಗಿದ್ದುದು ಪಾತ್ರೆಯ ತೂಕ, ನೀರಿನದಲ್ಲ. ಗಷ್ಟು ಬಂದದ್ದು ಗಾಜಿನಿಂದ!

1789ರಲ್ಲಿ ಅವನು ಕೊಟ್ಟ 33 ಸರಳ ವಸ್ತುಗಳ ಪಟ್ಟಿಯಲ್ಲಿ ಬೆಳಕು, ಶಾಖಗಳೂ ಸೇರಿದ್ದವು. ಅದು ತಪ್ಪು. ಆದರೆ ಒಡೆಯಲಾಗದಿರುವಷ್ಟು ಕಾಲ ಮಾತ್ರ ಸರಳ ವಸ್ತು ಎಂಬ ಷರತ್ತು ಅವನದೇ ಆದ್ದರಿಂದ, ಪಟ್ಟಿಯನ್ನು ತಿದ್ದಲು ದಾರಿ ತೆರೆದಿತ್ತು.

ತರಗತಿಯಲ್ಲಿ ಪಂಚಭೂತಗಳ ಪ್ರಸ್ತಾಪ ಬಂದಾಗ ಹೋಲಿಕೆಯ ಪಟ್ಟಿ ಬರೆಯಿಸಬೇಡಿ. ಈ ಮಾತು ತಪ್ಪಾಗಿದ್ದರೆ ನಮಗೆ ಗೊತ್ತಾಗುವುದು ಹೇಗೆ ಎಂದು ವಿದ್ಯಾರ್ಥಿಗಳನ್ನು ಕೇಳಿ.